ನೊಂದವರ ಕಡೆಯೋರು ಯಾರು?

ಯಾವುದೇ ಸರ್ಕಾರಿ ಆಸ್ಪತ್ರೆಯ ಕಾರಿಡಾರಿನಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಒಂದು ಕೂಗು ಕೇಳಿಸುತ್ತೆ: "ಪೇಷಂಟ್ ಕಡೆಯೋರು ಯಾರ್ರೀ?" ಔಷಧಿ ತರೋಕೆ, ಸಹಿ ಹಾಕೋಕೆ, ಸ್ಕ್ಯಾನಿಂಗಿಗೆ ತಳ್ಕೊಂಡು ಹೋಗೋಕೆ, ರಾತ್ರಿ ಮಂಚದ ಪಕ್ಕ ಚಾಪೆ ಹಾಸ್ಕೊಂಡು ಮಲಗೋಕೆ ಒಬ್ಬರು ಬೇಕು. ಕಾಯಿಲೆ ಬಿದ್ದವರು ಒಬ್ಬರೇ ಬರೋಕಾಗಲ್ಲ ಅನ್ನೋದು ವಾರ್ಡ್ ಬಾಯ್‌ಗೂ ಗೊತ್ತು.

ಕೋರ್ಟಿನಲ್ಲೂ ಕೂಗ್ತಾರೆ. ಅಟೆಂಡರ್ ಬಾಗಿಲಿಗೆ ಬಂದು ಆರೋಪಿಯ ಹೆಸರು ಕೂಗ್ತಾನೆ. ಆರೋಪಿಯ ಕಡೆ ವಕೀಲರು ಇರ್ತಾರೆ. ಅವನ ಹತ್ರ ದುಡ್ಡಿಲ್ಲದಿದ್ರೆ ಸರ್ಕಾರವೇ ವಕೀಲರನ್ನು ಕೊಡಬೇಕು, ಅದು ಸರಿಯಾದದ್ದೇ. ಸರ್ಕಾರದ ಕಡೆ ಸರ್ಕಾರಿ ವಕೀಲರು ಇರ್ತಾರೆ. ಆದರೆ ಹೊಡೆತ ತಿಂದವಳ ಕಡೆಯೋರು ಯಾರು ಅಂತ ಯಾರಾದ್ರೂ ಕೂಗಿದ್ದನ್ನು ನಾನಂತೂ ಕೇಳಿಲ್ಲ.

ಈ ವ್ಯತ್ಯಾಸ ನನಗೆ ಹೊಳೆದದ್ದು ಊರಿನ ಕೋರ್ಟಿನಲ್ಲಲ್ಲ, ನ್ಯೂಜೆರ್ಸಿಯಲ್ಲಿ. ಆನ್‌ಸೈಟ್ ಅಂತ ಎರಡು ವರ್ಷ ಎಡಿಸನ್ನಿನಲ್ಲಿದ್ದೆವು. ಅಲ್ಲಿ ಭಾರತೀಯರ ಮನೆ ಅಂದ್ರೆ ಚಿನ್ನ ಇರುತ್ತೆ ಅಂತ ಕಳ್ಳರಿಗೂ ಗೊತ್ತು. ಒಂದು ಶನಿವಾರ ನಾವು ದೇವಸ್ಥಾನಕ್ಕೆ ಹೋಗಿ ಬರೋಷ್ಟರಲ್ಲಿ ಹಿಂದಿನ ಬಾಗಿಲು ಒಡೆದು ಹೆಂಡತಿಯ ಬಳೆ, ಅವರಮ್ಮ ಕೊಟ್ಟಿದ್ದ ಸರ, ನನ್ನ ಲ್ಯಾಪ್‌ಟಾಪ್ ಎಲ್ಲ ಎತ್ಕೊಂಡು ಹೋಗಿದ್ರು. ಪೊಲೀಸರು ಬಂದರು, ಬರ್ಕೊಂಡರು, ಹೋದರು. ಅಲ್ಲಿಗೆ ಮುಗೀತು ಅಂದ್ಕೊಂಡೆ. ಕೆಲವು ತಿಂಗಳಾದ ಮೇಲೆ ಬೇರೆ ಯಾವುದೋ ಕಳ್ಳತನದಲ್ಲಿ ಒಬ್ಬ ಸಿಕ್ಕಿಬಿದ್ದ. ಆಮೇಲೊಂದು ಫೋನು ಬಂತು.

ಫೋನ್ ಮಾಡಿದ ಹೆಂಗಸು ತಾನು ಕೌಂಟಿ ಪ್ರಾಸಿಕ್ಯೂಟರ್ ಆಫೀಸಿನ ವಿಕ್ಟಿಮ್ ಅಡ್ವೊಕೇಟ್ ಅಂದರು. ನನಗೆ ಎದೆ ಧಸಕ್ಕೆಂದಿತು. ಅಡ್ವೊಕೇಟ್ ಅಂದ್ರೆ ನಮ್ಮ ಕಡೆ ಕರಿಕೋಟು, ಕರಿಕೋಟು ಅಂದ್ರೆ ಫೀಸು. "ನಮಗೆ ಲಾಯರ್ ಬೇಡ ಮೇಡಂ, ಹೋದದ್ದು ಹೋಯ್ತು" ಅಂದೆ. ಆಕೆ ನಕ್ಕು, "ನಾನು ಲಾಯರ್ ಅಲ್ಲ. ನೀವು ದುಡ್ಡೇನೂ ಕೊಡಬೇಕಾಗಿಲ್ಲ. ನಿಮ್ಮ ಕೇಸಿನಲ್ಲಿ ಏನೇನಾಗ್ತಿದೆ ಅಂತ ನಿಮಗೆ ಹೇಳೋದೇ ನನ್ನ ಕೆಲಸ" ಅಂದರು. ಇದಕ್ಕೂ ಸಂಬಳ ಕೊಡ್ತಾರಾ ಅಂತ ನನಗೆ ಆಶ್ಚರ್ಯ.

ಮುಂದಿನ ಎಂಟೊಂಬತ್ತು ತಿಂಗಳು ಆಕೆ ಹೇಳಿದ ಮಾತು ತಪ್ಪಲಿಲ್ಲ. ಆರೋಪಿಗೆ ಬೇಲ್ ಸಿಕ್ಕರೆ ಫೋನು, ತಾರೀಖು ಮುಂದೆ ಹೋದರೆ ಫೋನು. ಅವನು ತಪ್ಪೊಪ್ಪಿಕೊಂಡು ಶಿಕ್ಷೆ ಕಮ್ಮಿ ಮಾಡಿಸ್ಕೊಳ್ಳೋ ಮಾತುಕತೆ ಶುರುವಾದಾಗ ನಮ್ಮ ಅಭಿಪ್ರಾಯ ಕೇಳಿದರು. ಹೋದ ಸಾಮಾನಿನ ಬೆಲೆ ಬರೆದು ಕೊಡೋಕೆ ಒಂದು ಫಾರಂ ಕಳಿಸಿ, ಅದನ್ನು ಹೇಗೆ ತುಂಬಬೇಕು ಅಂತ ಹೇಳ್ಕೊಟ್ಟರು. ಕೋರ್ಟಿಗೆ ಬರೋದಾದ್ರೆ ಗಾಡಿ ಎಲ್ಲಿ ನಿಲ್ಲಿಸಬೇಕು, ಯಾವ ಬಾಗಿಲಿಂದ ಬರಬೇಕು, ಆರೋಪಿ ಕಡೆಯವರ ಮುಖ ನೋಡದೆ ಕೂರೋಕೆ ಯಾವ ಕೋಣೆ ಇದೆ ಅಂತ ಮೊದಲೇ ತಿಳಿಸಿದರು. ಈ ಕಳ್ಳತನದಿಂದ ನಮಗೆ ಏನಾಯ್ತು ಅಂತ ಜಡ್ಜ್‌ಗೆ ನಮ್ಮದೇ ಮಾತಿನಲ್ಲಿ ಬರೆದು ಕೊಡಬಹುದು ಅಂದರು.

ಇದೆಲ್ಲಕ್ಕಿಂತ ನನ್ನ ನೆನಪಿನಲ್ಲಿ ಉಳಿದದ್ದು ಬೇರೆ. ಮೊದಲನೇ ಫೋನಿನಲ್ಲೇ ಆಕೆ ನನ್ನ ಹೆಂಡತಿಗೆ ಫೋನ್ ಕೊಡೋಕೆ ಹೇಳಿ, "ರಾತ್ರಿ ನಿದ್ದೆ ಬರ್ತಿದೆಯಾ?" ಅಂತ ಕೇಳಿದರು. ಅವಳು ಅಳೋಕೆ ಶುರು ಮಾಡಿದಳು. ಅಷ್ಟು ತಿಂಗಳು ಒಂದೇ ಮನೆಯಲ್ಲಿದ್ದ ನಾನು ಆ ಪ್ರಶ್ನೆ ಕೇಳಿರಲಿಲ್ಲ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಳೆಗೋಸ್ಕರ ಅಲ್ಲ, ನಮ್ಮ ಅತ್ತೆ ನೆನಪಾದರು.

ಅತ್ತೆ ಅಂದ್ರೆ ಅಪ್ಪನ ತಂಗಿ. ಪಕ್ಕದ ಊರಿಗೆ ಕೊಟ್ಟಿದ್ದರು. ಮಾವ ತೀರಿಕೊಂಡ ಮೇಲೆ ಅರ್ಧ ಎಕರೆ ತೆಂಗಿನ ತೋಟ, ಒಂದು ಹಸು, ಓದ್ತಿದ್ದ ಮಗಳು, ಇಷ್ಟೇ ಅವರ ಸಂಸಾರ. ತೋಟದ ಬದುವಿನ ವಿಷಯದಲ್ಲಿ ಮಾವನ ದಾಯಾದಿಗಳ ಜೊತೆ ಮೊದಲಿಂದ ತಕರಾರು. ಒಂದು ದಿನ ಮಾತಿಗೆ ಮಾತು ಬೆಳೆದು ಅವನು ಮಚ್ಚು ಬೀಸಿದ. ಅತ್ತೆ ಕೈ ಅಡ್ಡ ಹಿಡಿದರು. ಬಲಗೈಯ ಎರಡು ಬೆರಳು ಹೋದವು. ಮೊಳಗಟ್ಟಲೆ ಕನಕಾಂಬರ ಕಟ್ಟುತ್ತಿದ್ದ ಕೈ ಅದು. ನಮ್ಮೂರ ಜಾತ್ರೆಗೆ ದೇವರ ಹೂವು ಅವರ ಮನೆಯಿಂದಲೇ ಬರ್ತಿತ್ತು.

ಐಪಿಸಿ 326, ಮಾರಕಾಯುಧದಿಂದ ತೀವ್ರ ಗಾಯ. ಚಾರ್ಜ್‌ಶೀಟ್ ಆಯ್ತು. ಆಮೇಲೆ ಐದು ವರ್ಷ ಏನಾಯ್ತು ಅಂತ ಅತ್ತೆಗೆ ಗೊತ್ತಿಲ್ಲ. ಕೇಸಿನ ಹೆಸರೇನು ಗೊತ್ತಾ? "ಕರ್ನಾಟಕ ಸರ್ಕಾರ ವಿರುದ್ಧ ಇಂಥವರು." ಬೆರಳು ಹೋದದ್ದು ಅತ್ತೆದು, ಕೇಸು ಸರ್ಕಾರದ್ದು. ಅಪರಾಧ ಅನ್ನೋದು ಸಮಾಜದ ವಿರುದ್ಧ ನಡೆದದ್ದು, ಆದ್ದರಿಂದ ಸರ್ಕಾರವೇ ಕಕ್ಷಿದಾರ ಅನ್ನೋ ತತ್ವ ಕೇಳೋಕೆ ಚೆನ್ನಾಗಿದೆ. ಆದರೆ ಆ ಕಡತದಲ್ಲಿ ಅತ್ತೆ ಬರೀ ಪಿಡಬ್ಲ್ಯೂ-1, ಅಂದ್ರೆ ಪ್ರಾಸಿಕ್ಯೂಷನ್ನಿನ ಒಂದನೇ ಸಾಕ್ಷಿ. ಸಾಕ್ಷಿಗೆ ಕೋರ್ಟು ಕರೆದಾಗ ಬರೋದಷ್ಟೇ ಕೆಲಸ.

ಕರೆದರು. ಕಾನ್‌ಸ್ಟೇಬಲ್ ಸಮನ್ಸ್ ಕೊಟ್ಟು ಹೋದ. ಮೊದಲ ಸಲ ಹೋದಾಗ ಜಡ್ಜ್ ರಜೆ. ಎರಡನೇ ಸಲ ಆರೋಪಿಯ ವಕೀಲರು ಬರಲಿಲ್ಲ. ಮೂರನೇ ಸಲ ಸಂಜೆವರೆಗೂ ಕೂರಿಸಿ ಮುಂದಿನ ತಾರೀಖು ಕೊಟ್ಟರು. ಪ್ರತಿ ಸಲ ಒಂದು ದಿನದ ಕೂಲಿ ಹೋಯ್ತು, ಹಸು ಅಕ್ಕಪಕ್ಕದವರ ಪಾಲಾಯ್ತು. ಆ ಊರಿಗೆ ಇರೋದು ದಿನಕ್ಕೆ ಎರಡೇ ಬಸ್ಸು. ಆರೋಪಿಯೂ ಅದೇ ಊರಿನವನು. ಬೆಳಿಗ್ಗೆ ಅದೇ ಬಸ್ಸಿನಲ್ಲಿ ಬರ್ತಿದ್ದ, ಸಂಜೆ ಅದೇ ಬಸ್ಸಿನಲ್ಲಿ ವಾಪಸ್ ಹೋಗ್ತಿದ್ದ. ಕೋರ್ಟ್ ಆವರಣದ ಬೇವಿನ ಮರದ ಕೆಳಗೆ ಇರೋದು ಒಂದೇ ಕಲ್ಲುಬೆಂಚು. ಮಚ್ಚು ಬೀಸಿದವನು ಆ ತುದಿ, ಬೆರಳು ಕಳ್ಕೊಂಡವಳು ಈ ತುದಿ.

ನಾಲ್ಕನೇ ತಾರೀಖಿನ ಹಿಂದಿನ ದಿನ ಅತ್ತೆ ನನಗೆ ಫೋನ್ ಮಾಡಿದ್ದರು. "ಎಲ್ಲಿದ್ದೀಯಪ್ಪಾ? ನಾಳೀಕ್ ಕೋರ್ಟಿಗೆ ಕರ್ದವ್ರೆ. ಏನ್ ಕೇಳ್ತಾರೋ, ಏನ್ ಹೇಳ್ಬೇಕೋ. ಓದಿರೋನು ನೀನು, ಜೊತೇಲಿ ಬರ್ತೀಯೇನೋ?" ನಾನು ಬೆಂಗಳೂರಿನ ಆಫೀಸಿನಲ್ಲಿ ಮೀಟಿಂಗಿನಿಂದ ಆಚೆ ಬಂದು ಮಾತಾಡ್ತಿದ್ದೆ. "ನಾಳೆ ರಿಲೀಸ್ ಐತೆ ಅತ್ತೆ, ರಜ ಸಿಗಾಕಿಲ್ಲ. ಇದ್ದದ್ದ ಇದ್ದಂಗೆ ಹೇಳ್ಬಿಡು, ಅಷ್ಟೇ" ಅಂದೆ. "ಆಯ್ತು ಬುಡಪ್ಪ" ಅಂದರು.

ಮಾರನೇ ದಿನ ಸರ್ಕಾರಿ ವಕೀಲರು ಅವರನ್ನು ಮೊದಲ ಸಲ ನೋಡಿದ್ದು ಕೂಗೋದಕ್ಕೆ ಐದು ನಿಮಿಷ ಮುಂಚೆ. ಅವರ ಕೈಯಲ್ಲಿ ಅವತ್ತಿನ ಮಟ್ಟಿಗೇ ಒಂದು ಹೊರೆ ಕಡತ. ನಾನು ಅವರನ್ನು ಬಯ್ಯೋದಿಲ್ಲ. ಅತ್ತೆ ಕಟಕಟೆ ಹತ್ತಿ, "ಕತ್ತಲಾಗಿತ್ತು ಸ್ವಾಮಿ, ಯಾರು ಹೊಡೆದ್ರೋ ಕಾಣ್ಲಿಲ್ಲ" ಅಂದರು. ಘಟನೆ ನಡೆದದ್ದು ಮಟಮಟ ಮಧ್ಯಾಹ್ನ.

ಹಾಸ್ಟೈಲ್. ಪ್ರತಿಕೂಲ ಸಾಕ್ಷಿ. ಪೇಪರಿನಲ್ಲಿ ಈ ಪದ ಓದಿದಾಗಲೆಲ್ಲ ನಾವು ಏನಂದ್ಕೋತೀವಿ? ದುಡ್ಡು ತಗೊಂಡಿರಬೇಕು, ಹೆದರಿರಬೇಕು. ಅಸಲು ವಿಷಯ ಇನ್ನೂ ಸಾದಾ. 326 ರಾಜಿ ಮಾಡ್ಕೊಳ್ಳೋಕೆ ಕಾನೂನಿನಲ್ಲಿ ಅವಕಾಶವೇ ಇಲ್ಲದ ಅಪರಾಧ. ಹಾಗಾಗಿ ಹಳ್ಳಿಯಲ್ಲಿ ರಾಜಿ ಆಗೋದು ಅರಳಿಕಟ್ಟೆಯಲ್ಲಿ, ಅದು ಕೋರ್ಟಿನಲ್ಲಿ ಕಾಣಿಸ್ಕೊಳ್ಳೋದು ಹಾಸ್ಟೈಲ್ ಸಾಕ್ಷಿಯ ವೇಷದಲ್ಲಿ. ಮಗಳ ಮದುವೆ ಗೊತ್ತಾಗಿತ್ತು. ಊರಿನ ನಾಲ್ಕು ಜನ ಬಂದು, "ಬದು ಬಿಟ್ಕೊಡ್ತಾನಂತೆ, ಕೋರ್ಟು ಕಚೇರಿ ಅಂತ ಎಷ್ಟು ದಿನ ಅಲೀತೀಯ?" ಅಂದಿದ್ದರು. ಐದು ವರ್ಷದಲ್ಲಿ ಅತ್ತೆಯ ಮನೆಬಾಗಿಲಿಗೆ ಬಂದು ಕೇಸಿನ ಬಗ್ಗೆ ಮಾತಾಡಿದವರು ಆ ನಾಲ್ಕೇ ಜನ, ಅವರೂ ಆರೋಪಿ ಕಡೆಯೋರು. ಅತ್ತೆ ಅವರ ಮಾತು ಕೇಳಿದರು. ನೀವಾಗಿದ್ರೆ?

ಆರೋಪಿ ಖುಲಾಸೆ. ಅಂಕಿಅಂಶದಲ್ಲಿ ಇನ್ನೊಂದು ಸೋತ ಕೇಸು.

ಈಗ ನ್ಯೂಜೆರ್ಸಿಯ ಆ ಹೆಂಗಸಿನ ಹುದ್ದೆ ಹೇಗೆ ಹುಟ್ಟಿತು ಅಂತ ಕೇಳಿ. ಅದು ದಯೆ, ಧರ್ಮದಿಂದಷ್ಟೇ ಹುಟ್ಟಿದ್ದಲ್ಲ. ಅಮೆರಿಕದಲ್ಲೂ ಸಾಕ್ಷಿಗಳು ಕೋರ್ಟಿಗೆ ಬರ್ತಿರಲಿಲ್ಲ, ಬಂದವರು ಬೇಸತ್ತು ಹೋಗ್ತಿದ್ದರು, ಕೇಸುಗಳು ಬಿದ್ದುಹೋಗ್ತಿದ್ದವು. 1974ರಲ್ಲಿ ಕೇಂದ್ರ ಸರ್ಕಾರದ ದುಡ್ಡಿನಲ್ಲಿ ಬ್ರೂಕ್ಲಿನ್, ಮಿಲ್ವಾಕಿಯಂಥ ಕಡೆಗಳ ಪ್ರಾಸಿಕ್ಯೂಟರ್ ಆಫೀಸುಗಳಲ್ಲಿ ನೊಂದವರಿಗೆ ಮತ್ತು ಸಾಕ್ಷಿಗಳಿಗೆ ನೆರವಾಗೋ ಘಟಕ ಶುರು ಮಾಡಿ ನೋಡಿದರು. 1982ರಲ್ಲಿ ಅಧ್ಯಕ್ಷರು ನೇಮಿಸಿದ ಕಾರ್ಯಪಡೆಯೊಂದು ದೇಶವೆಲ್ಲ ಸುತ್ತಿ, ನೊಂದವರನ್ನು ನಮ್ಮ ವ್ಯವಸ್ಥೆ ಮರೆತೇಬಿಟ್ಟಿದೆ ಅಂತ ವರದಿ ಕೊಟ್ಟಿತು. 1984ರಲ್ಲಿ ಕಾನೂನು ಬಂತು, ಅದರ ಜೊತೆಗೊಂದು ನಿಧಿ. ಆ ನಿಧಿಗೆ ದುಡ್ಡು ಬರೋದು ಮುಖ್ಯವಾಗಿ ಕೇಂದ್ರದ ಕ್ರಿಮಿನಲ್ ಕೇಸುಗಳಲ್ಲಿ ಅಪರಾಧಿಗಳು ಕಟ್ಟೋ ದಂಡದಿಂದ. ಇವತ್ತು ನ್ಯೂಜೆರ್ಸಿಯ 21 ಕೌಂಟಿಗಳ ಪ್ರಾಸಿಕ್ಯೂಟರ್ ಆಫೀಸುಗಳಲ್ಲೂ ಈ ಕೆಲಸಕ್ಕೇ ಅಂತ ಜನ ಇದ್ದಾರೆ.

ಅಲ್ಲೆಲ್ಲ ಸ್ವರ್ಗ ಅಂತ ನಾನು ಹೇಳ್ತಿಲ್ಲ. ಆ ಅಡ್ವೊಕೇಟ್ ಕೂರೋದು ಪ್ರಾಸಿಕ್ಯೂಟರ್ ಆಫೀಸಿನಲ್ಲೇ. ನೀವು ಅವರ ಹತ್ರ ಹೇಳ್ಕೊಂಡದ್ದು ಗುಟ್ಟಾಗಿ ಉಳಿಯುತ್ತೆ ಅಂತಿಲ್ಲ. ಆರೋಪಿಗೆ ಅನುಕೂಲವಾಗೋ ವಿಷಯ ನಿಮ್ಮ ಬಾಯಿಂದ ಬಂದರೆ ಅದನ್ನು ಅವನ ವಕೀಲರಿಗೆ ತಿಳಿಸಬೇಕಾದ ಹೊಣೆ ಪ್ರಾಸಿಕ್ಯೂಟರ್ ಮೇಲಿದೆ, ಅದು ನ್ಯಾಯವೇ. ಪ್ರಾಸಿಕ್ಯೂಟರ್‌ಗೆ ಕೇಸು ಬೇಗ ಮುಗಿಸೋ ಆತುರ ಇರುತ್ತೆ, ನಿಮಗೆ ಇರದೇ ಹೋಗಬಹುದು. ಇಬ್ಬರ ನಡುವೆ ಆಕೆ ಸಿಕ್ಕಿಹಾಕ್ಕೋತಾಳೆ. ನಮ್ಮಲ್ಲಿ ಆ ಹುದ್ದೆ ಮಾಡೋರು ಈ ಕೊರತೆಗಳನ್ನೂ ನೋಡಿಕೊಂಡೇ ಮಾಡಲಿ. ಆದರೆ ಅಲ್ಲಿ ಜಗಳ ಇರೋದು ಆಕೆ ಯಾರ ಕಡೆ ಇರಬೇಕು ಅನ್ನೋದರ ಬಗ್ಗೆ. ನಮ್ಮಲ್ಲಿ ಆಕೆಯೇ ಇಲ್ಲ.

ಹಾಗಂತ ನಮ್ಮಲ್ಲಿ ಕಾನೂನು ಇಲ್ಲ ಅಂದ್ಕೋಬೇಡಿ, ಧಾರಾಳವಾಗಿದೆ. 2009ರ ಡಿಸೆಂಬರ್ 31ರಿಂದ ಆರೋಪಿ ಖುಲಾಸೆಯಾದರೆ ನೊಂದವರೇ ಮೇಲ್ಮನವಿ ಹಾಕಬಹುದು. ಅದಕ್ಕೆ ಕೋರ್ಟಿನ ಪೂರ್ವಾನುಮತಿ ಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್ 12ರಂದು ಹೇಳಿದ್ದು ನಮ್ಮ ರಾಜ್ಯದಿಂದಲೇ ಹೋದ ಮಲ್ಲಿಕಾರ್ಜುನ ಕೊಡಗಲಿ ಕೇಸಿನಲ್ಲಿ. ಅಪರಾಧದಿಂದ ನೊಂದವರಿಗೆ ಪರಿಹಾರ ಕೊಡೋಕೆ ಕರ್ನಾಟಕದಲ್ಲಿ 2011ರಿಂದ ಯೋಜನೆ ಇದೆ. ಆರೋಪಿ ಖುಲಾಸೆಯಾದರೂ ಪರಿಹಾರಕ್ಕೆ ಕೋರ್ಟು ಶಿಫಾರಸು ಮಾಡಬಹುದು. 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ರಕ್ಷಣಾ ಯೋಜನೆಗೆ ಒಪ್ಪಿಗೆ ಕೊಟ್ಟು ದೇಶಕ್ಕೆಲ್ಲ ಅನ್ವಯ ಮಾಡಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರು ಕೊಟ್ಟವರಿಗೆ ಅಥವಾ ನೊಂದವರಿಗೆ ಪೊಲೀಸರು ತಿಳಿಸಬೇಕು ಅನ್ನುತ್ತೆ. ಸರ್ಕಾರ ಕೇಸು ವಾಪಸ್ ತಗೋಬೇಕಾದ್ರೆ ಮೊದಲು ನೊಂದವರ ಮಾತು ಕೇಳಬೇಕು ಅನ್ನುತ್ತೆ.

ಇಷ್ಟೆಲ್ಲ ಇದೆ. ಇದನ್ನು ನಮ್ಮತ್ತೆಗೆ ಹೇಳೋರು ಯಾರು? ಸಂಹಿತೆಯ 230ನೇ ಸೆಕ್ಷನ್ ನೋಡಿ. ಚಾರ್ಜ್‌ಶೀಟ್ ಮತ್ತಿತರ ದಾಖಲೆಗಳ ಪ್ರತಿ ನೊಂದವರಿಗೂ ಕೊಡಬೇಕು ಅನ್ನುತ್ತೆ, ಆದರೆ ಅವರ ಪರ ವಕೀಲರು ಇದ್ದರೆ ಮಾತ್ರ. ವಕೀಲರು ಇದ್ದರೂ ಸರ್ಕಾರಿ ವಕೀಲರಿಗೆ ನೆರವಾಗಬಹುದೇ ಹೊರತು ಅವರ ಜಾಗದಲ್ಲಿ ನಿಂತು ಕೇಸು ನಡೆಸೋ ಹಾಗಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನಾವು ಕೋಡ್ ಬರೆಯೋರು. ಒಂದು ಫೀಚರ್ ಮಾಡಿ, ಅದನ್ನು ಬಳಸೋಕೆ ಯಾವ ಬಟನ್ನೂ ಕೊಡದೆ ಬಿಟ್ಟರೆ ಟೆಸ್ಟರ್ ನಮ್ಮನ್ನು ಸುಮ್ಮನೆ ಬಿಡ್ತಾನಾ? ನಮ್ಮ ಕಾನೂನಿನಲ್ಲಿ ನೊಂದವರ ಹಕ್ಕುಗಳು ಇರೋದು ಹೀಗೇ.

ಇದಕ್ಕೂ ಆ್ಯಪ್ ಇದೆಯಲ್ಲ ಅಂತೀರಾ? ಇ-ಕೋರ್ಟ್ಸ್ ಆ್ಯಪ್ ನಿಜಕ್ಕೂ ಒಳ್ಳೆ ಕೆಲಸ. ಆದರೆ ಅದರಲ್ಲಿ ಕೇಸು ಹುಡುಕೋಕೆ 16 ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಬೇಕು, ಇಲ್ಲಾ ಕೇಸ್ ನಂಬರ್ ಬೇಕು, ಇಲ್ಲಾ ಕಕ್ಷಿದಾರರ ಹೆಸರು ಬೇಕು. ಅತ್ತೆ ಕಕ್ಷಿದಾರರೇ ಅಲ್ಲ. ತನ್ನ ಕೇಸು ಹುಡುಕಬೇಕಾದರೆ ಬೆರಳು ಕತ್ತರಿಸಿದವನ ಹೆಸರು ಟೈಪ್ ಮಾಡಬೇಕು, ಅದೂ ಮೂರು ಬೆರಳಿನ ಕೈಯಲ್ಲಿ.

ಸಾಫ್ಟ್‌ವೇರಿನಿಂದ ಏನೂ ಆಗಲ್ಲ ಅಂತಲ್ಲ. 1993ರ ಡಿಸೆಂಬರಿನಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ ಒಬ್ಬ ಹುಡುಗಿಯನ್ನು ಅವಳ 21ನೇ ಹುಟ್ಟುಹಬ್ಬದ ದಿನ ಅವಳ ಹಿಂದಿನ ಗೆಳೆಯ ಗುಂಡು ಹಾರಿಸಿ ಕೊಂದ. ಅವಳ ಮೇಲೆ ಅತ್ಯಾಚಾರ ಮಾಡಿದ ಆರೋಪದಲ್ಲಿ ಅವನು ಜೈಲಿನಲ್ಲಿದ್ದ. ಬೇಲ್ ಮೇಲೆ ಹೊರಗೆ ಬಂದದ್ದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಆ ಸಾವಿನ ನಂತರವೇ ಅಲ್ಲಿ, ಕೈದಿ ಹೊರಗೆ ಬಂದ ಕೂಡಲೇ ನೊಂದವರಿಗೆ ತಾನಾಗಿ ಫೋನ್ ಹೋಗೋ 'ವೈನ್' ಅನ್ನೋ ವ್ಯವಸ್ಥೆ 1994ರಲ್ಲಿ ಶುರುವಾದದ್ದು. ಕೆಲಸಕ್ಕೆ ಬರೋ ಸಾಫ್ಟ್‌ವೇರ್ ಅಂದ್ರೆ ಅದು. ಆದರೂ ಆ ಫೋನು ಬಂದ ಮೇಲೆ ನಡುಗುತ್ತಾ ಕೂತವಳಿಗೆ "ಈಗ ಏನು ಮಾಡಲಿ?" ಅಂತ ಕೇಳೋಕೆ ಮನುಷ್ಯರೇ ಬೇಕು.

ಈಗ ನಮ್ಮ ವಿಷಯಕ್ಕೆ ಬರ್ತೀನಿ. ನಮ್ಮ ಅಂದ್ರೆ ನಿಮ್ಮ, ನನ್ನ. ತಿಂಗಳ ಕೊನೆಗೆ ಸಂಬಳ ಎಣಿಸ್ಕೊಂಡು, ವಾಟ್ಸ್‌ಆಪ್‌ನಲ್ಲಿ ನ್ಯಾಯ ಕೇಳೋರ ವಿಷಯ.

2019ರ ಡಿಸೆಂಬರ್ 6ರ ಬೆಳಿಗ್ಗೆ ಹೈದರಾಬಾದ್ ಹತ್ತಿರ ಪೊಲೀಸರು ನಾಲ್ವರು ಆರೋಪಿಗಳನ್ನು ಗುಂಡಿಟ್ಟು ಕೊಂದ ಸುದ್ದಿ ಬಂದಾಗ ನಮ್ಮ ಟೀಮಿನ ಗ್ರೂಪಿನಲ್ಲಿ ಚಪ್ಪಾಳೆ, ಪಟಾಕಿ, ತ್ರಿವರ್ಣ. ಒಬ್ಬ ಸ್ವೀಟ್ ಬಾಕ್ಸ್ ತರಿಸಿದ. ಸುಳ್ಳು ಯಾಕೆ ಹೇಳಲಿ, ನಾನೂ ಒಂದು ಲಡ್ಡು ತಿಂದೆ. ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗ 2022ರಲ್ಲಿ ವರದಿ ಕೊಟ್ಟು, ಪೊಲೀಸರ ಎನ್‌ಕೌಂಟರ್ ಕತೆ ನಂಬೋ ಹಾಗಿಲ್ಲ, ಹತ್ತು ಪೊಲೀಸರನ್ನು ಕೊಲೆ ಆರೋಪದಡಿ ವಿಚಾರಣೆ ಮಾಡಬೇಕು ಅಂದಿತು. ಆ ಸುದ್ದಿಯನ್ನು ಗ್ರೂಪಿಗೆ ಯಾರೂ ಹಾಕಲಿಲ್ಲ. ನಾನೂ ಹಾಕಲಿಲ್ಲ.

ಪ್ರತಿ ಸಲ ಒಂದು ಘೋರ ಸುದ್ದಿ ಬಂದಾಗ ನಾವು ಕೇಳೋದು ಎರಡೇ: ಗಲ್ಲಿಗೆ ಹಾಕಿ, ಇಲ್ಲಾ ಗುಂಡು ಹೊಡೀರಿ. ಎರಡರಲ್ಲೂ ನಮ್ಮ ಕಣ್ಣು ಇರೋದು ಅಪರಾಧಿಯ ಮೇಲೇ. ನೊಂದವಳು ಏನಾದಳು? ಅವಳ ಕೇಸು ಎಷ್ಟನೇ ತಾರೀಖಿಗೆ ಹೋಗಿದೆ? ಅವಳು ಯಾವ ಬಸ್ಸಿನಲ್ಲಿ ಕೋರ್ಟಿಗೆ ಹೋಗ್ತಾಳೆ? ಈ ಪ್ರಶ್ನೆಗಳಿಗೆ ಸ್ಟೇಟಸ್ ಇಲ್ಲ, ಹ್ಯಾಶ್‌ಟ್ಯಾಗ್ ಇಲ್ಲ. ಊಟ ತರೋ ಹುಡುಗ ಯಾವ ಸಿಗ್ನಲ್ಲಿನಲ್ಲಿ ನಿಂತಿದ್ದಾನೆ ಅಂತ ಫೋನಿನಲ್ಲಿ ಕಾಣಿಸಲಿಲ್ಲ ಅಂದ್ರೆ ಹತ್ತು ನಿಮಿಷದಲ್ಲಿ ರೇಗೋ ನಾವು, ಒಬ್ಬ ಹೆಂಗಸು ತನ್ನ ಕೇಸು ಎಲ್ಲಿದೆ ಅಂತ ಗೊತ್ತಿಲ್ಲದೆ ಐದು ವರ್ಷ ಕಾದರೆ "ನಮ್ಮ ದೇಶದ ಕೋರ್ಟು ಅಂದ್ರೆ ಹಂಗೇ ಬಿಡಿ" ಅಂತೀವಿ.

ಶಿಕ್ಷೆ ಹೆಚ್ಚು ಮಾಡೋದು ಸರ್ಕಾರಕ್ಕೆ ಸುಲಭ. ಒಂದು ತಿದ್ದುಪಡಿ ಸಾಕು, ಕೂಡಲೇ ಖರ್ಚೇನೂ ಇಲ್ಲ. ಒಂದು ಹುದ್ದೆ ಮಂಜೂರು ಮಾಡೋಕೆ ಮಾತ್ರ ದುಡ್ಡು ಬೇಕು. ಅದಕ್ಕೇ ನಾವು ಗಲ್ಲು ಕೇಳಿದಾಗ ಅವರಿಗೆ ಒಳಗೊಳಗೇ ನೆಮ್ಮದಿ. ಗಲ್ಲು ಅಂತ ಕಾನೂನಿನಲ್ಲಿ ಬರೆದರೂ ಪಿಡಬ್ಲ್ಯೂ-1 ಕಟಕಟೆ ಹತ್ತಿ "ಕತ್ತಲಾಗಿತ್ತು ಸ್ವಾಮಿ" ಅಂದ್ರೆ ಆ ಗಲ್ಲು ಯಾರಿಗೆ?

ಇದಕ್ಕೆ ಮೂರು ಆಕ್ಷೇಪಣೆ ಬರುತ್ತೆ ಅಂತ ಗೊತ್ತು. ಒಂದು, "ಸರ್ಕಾರಿ ವಕೀಲರು ಇದ್ದಾರಲ್ಲ?" ಅವರು ಸರ್ಕಾರದ ವಕೀಲರು. ಕೋರ್ಟಿನ ಮುಂದೆ ನಿಜ ಇಡೋದು, ಆರೋಪಿಗೂ ಅನ್ಯಾಯ ಆಗದ ಹಾಗೆ ನೋಡ್ಕೊಳ್ಳೋದು ಅವರ ಕೆಲಸ. ನೊಂದವಳ ಕೈ ಹಿಡಿಯೋದು ಅವರ ಕೆಲಸವಲ್ಲ, ಆಗಲೂಬಾರದು. ದಿನಕ್ಕೆ ಅಷ್ಟೊಂದು ಕಡತ ಹೊರೋರಿಗೆ ಪುರುಸೊತ್ತೂ ಇಲ್ಲ. ಅದಕ್ಕೇ ಬೇರೆಯವರು ಬೇಕು.

ಎರಡು, "ಸಾಕ್ಷಿಗೆ ಹೇಳ್ಕೊಟ್ಟ ಹಾಗಾಗಲ್ವಾ?" ಒಳ್ಳೆ ಪ್ರಶ್ನೆ. ಏನು ಹೇಳಬೇಕು ಅಂತ ಹೇಳ್ಕೊಡೋದು ತಪ್ಪು. ಜಡ್ಜ್ ಎಲ್ಲಿ ಕೂರ್ತಾರೆ, ಆರೋಪಿಯ ವಕೀಲರು ಯಾಕೆ ಗದರಿಸಿದ ಹಾಗೆ ಕೇಳ್ತಾರೆ, ಅರ್ಥ ಆಗದಿದ್ರೆ "ಅರ್ಥ ಆಗಲಿಲ್ಲ" ಅನ್ನಬಹುದು, ನೆನಪಿಲ್ಲದಿದ್ರೆ "ನೆನಪಿಲ್ಲ" ಅನ್ನಬಹುದು ಅಂತ ತಿಳಿಸೋದು ತಪ್ಪಲ್ಲ. ಹೆದರದ ಸಾಕ್ಷಿಯಿಂದ ನಿಜ ಹೊರಗೆ ಬರುತ್ತೆ. ಆರೋಪಿ ನಿರಪರಾಧಿಯಾಗಿದ್ರೆ ಅವನಿಗೂ ಅದೇ ಒಳ್ಳೇದು.

ಮೂರು, "ದುಡ್ಡೆಲ್ಲಿಂದ?" ಲೆಕ್ಕ ಹಾಕೋಣ. ಕರ್ನಾಟಕದಲ್ಲಿ ತಾಲ್ಲೂಕುಗಳು ಇನ್ನೂರರ ಮೇಲಿವೆ. ದೊಡ್ಡ ಊರುಗಳಿಗೆ ಒಂದಿಷ್ಟು ಹೆಚ್ಚಿಗೆ ಸೇರಿಸಿ 250 ಜನ ಅನ್ನಿ. ತಿಂಗಳಿಗೆ 40 ಸಾವಿರ ಸಂಬಳ ಅಂದ್ಕೊಳ್ಳಿ. ವರ್ಷಕ್ಕೆ 12 ಕೋಟಿ. ವೈಟ್‌ಫೀಲ್ಡ್ ಕಡೆ ನಾಲ್ಕೈದು ವಿಲ್ಲಾ ಕೊಳ್ಳೋ ದುಡ್ಡು. ಇಡೀ ರಾಜ್ಯದ ನೊಂದವರಿಗೆ ಇಷ್ಟು ಜಾಸ್ತಿಯಾಯ್ತಾ?

ಇದು ನಮ್ಮ ನೆಲಕ್ಕೆ ಹೊಂದದ ಅಮೆರಿಕದ ಸರಕು ಅಂತಲೂ ಅನ್ನೋ ಹಾಗಿಲ್ಲ. ಮಕ್ಕಳ ವಿಷಯದಲ್ಲಿ ನಾವು ಇದನ್ನು ಆಗಲೇ ಒಪ್ಪಿಕೊಂಡಿದ್ದೀವಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿಗೆ ಮಕ್ಕಳ ಕಲ್ಯಾಣ ಸಮಿತಿ ಒಬ್ಬ ಬೆಂಬಲ ವ್ಯಕ್ತಿಯನ್ನು ಕೊಡಬಹುದು ಅಂತ 2020ರ ಪೋಕ್ಸೊ ನಿಯಮಗಳಲ್ಲಿ ಇದೆ. ದೂರಿನ ದಿನದಿಂದ ವಿಚಾರಣೆ ಮುಗಿಯೋವರೆಗೆ ಮಗುವಿನ ಜೊತೆಗಿರೋದು ಅವರ ಕೆಲಸ. ಆ ನೇಮಕಗಳು ಸರಿಯಾಗಿ ಆಗ್ತಿಲ್ಲ ಅಂತ 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನಗಳನ್ನೂ ಕೊಟ್ಟಿತು. ಅಂದ್ರೆ ತತ್ವ ಇದೆ, ನಿಯಮ ಇದೆ, ಕೆಲಸದ ಪಟ್ಟಿಯೂ ಇದೆ. 18 ತುಂಬಿದ ಮರುದಿನ ಆ ಹುಡುಗಿಗೆ ಇದ್ದಕ್ಕಿದ್ದ ಹಾಗೆ ಕೋರ್ಟಿನ ಭಾಷೆ ಅರ್ಥವಾಗಿಬಿಡುತ್ತಾ? ಅರವತ್ತು ವರ್ಷದ ನಮ್ಮತ್ತೆಗೆ ಅರ್ಥವಾಗುತ್ತಾ?

ನೊಂದವರಿಗೆ ಪ್ರತಿ ಹಂತದಲ್ಲೂ ಮಾತಾಡೋ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ 2022ರ ಏಪ್ರಿಲಿನಲ್ಲಿ ಲಖೀಂಪುರ ಖೇರಿ ಕೇಸಿನಲ್ಲಿ ಸ್ಪಷ್ಟವಾಗಿ ಹೇಳಿತು. ಅಲ್ಲಿ ಏನಾಗಿತ್ತು ಗೊತ್ತಾ? ಹೈಕೋರ್ಟಿನ ಆನ್‌ಲೈನ್ ವಿಚಾರಣೆಯಲ್ಲಿ ಸತ್ತ ರೈತರ ಕುಟುಂಬದ ವಕೀಲರು ಡಿಸ್‌ಕನೆಕ್ಟ್ ಆಗಿದ್ದರು. ಮತ್ತೆ ಅವರ ಮಾತು ಕೇಳದೆಯೇ ಬೇಲ್ ಆಯ್ತು. ಸುಪ್ರೀಂ ಕೋರ್ಟ್ ಆ ಬೇಲನ್ನು ರದ್ದು ಮಾಡಿತು. ನಮ್ಮ ತಾಲ್ಲೂಕು ಕೋರ್ಟುಗಳಲ್ಲಿ ಇನ್ನೂ ಕನೆಕ್ಟೇ ಆಗದೆ ಎಷ್ಟು ಜನ ಉಳಿದಿದ್ದಾರೋ.

ಹುದ್ದೆ ಬರೋವರೆಗೆ ಕೈ ಕಟ್ಕೊಂಡು ಕೂರಬೇಕಾ? ಬೇಡ. ನಿಮ್ಮ ಮನೆಕೆಲಸದಾಕೆ, ನಿಮ್ಮ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ, ಊರಿನಲ್ಲಿರೋ ನಿಮ್ಮ ಚಿಕ್ಕಮ್ಮ, ಇವರಲ್ಲಿ ಒಬ್ಬರಾದರೂ "ನಾಳೆ ಕೋರ್ಟಿದೆ" ಅಂದಿರ್ತಾರೆ. ನೀವು "ಸರಿ, ರಜೆ ತಗೋ" ಅಂದಿರ್ತೀರ. ಮುಂದಿನ ಸಲ ಯಾವ ಕೇಸು ಅಂತ ಕೇಳಿ. ಕೇಸ್ ನಂಬರ್ ತಗೊಂಡು ತಾರೀಖು ನೋಡಿ ಹೇಳಿ. 15100ಕ್ಕೆ ಫೋನ್ ಮಾಡಿದ್ರೆ ಕಾನೂನು ಸೇವಾ ಪ್ರಾಧಿಕಾರ ಸಿಗುತ್ತೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗಬೇಕು ಅಂತ 1987ರ ಕಾಯ್ದೆಯಲ್ಲೇ ಇದೆ. ಪರಿಹಾರಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಆ ಅರ್ಜಿ ಬರ್ಕೊಡಿ, ನಮಗೆ ಬರೆಯೋಕೆ ಬರುತ್ತಲ್ಲ. ಸಾಧ್ಯವಾದ್ರೆ ಒಂದು ದಿನ ರಜೆ ಹಾಕಿ ಜೊತೆಗೆ ಹೋಗಿ. ಅಲ್ಲಿ ನೀವು ಏನೂ ಮಾತಾಡಬೇಕಾಗಿಲ್ಲ. ಅವರ ಪಕ್ಕ ಕೂತರೆ ಸಾಕು, ಎದುರು ಕಡೆಯೋರು ನೋಡ್ತಾರೆ.

ಆದರೆ ಇದನ್ನೇ ಪರಿಹಾರ ಅಂದ್ಕೋಬೇಡಿ. ಓದಿದ ಅಣ್ಣನ ಮಗ ಇದ್ದವರಿಗೆ ಮಾತ್ರ ಸಿಗೋದು ಹಕ್ಕಾಗಲ್ಲ. ಅಂಥವನು ಇದ್ದರೂ ರಿಲೀಸ್ ಇದೆ ಅಂತ ತಪ್ಪಿಸ್ಕೋಬಹುದು, ನನ್ನ ಹಾಗೆ. ಅದಕ್ಕೇ ಸಂಬಳ ತಗೊಂಡು, ರಿಜಿಸ್ಟರ್ ಇಟ್ಕೊಂಡು, ಪೊಲೀಸರಿಗೂ ಸರ್ಕಾರಿ ವಕೀಲರಿಗೂ ಅಧೀನರಾಗಿರದೆ ಪ್ರತಿ ತಾಲ್ಲೂಕು ಕೋರ್ಟಿನಲ್ಲಿ ಒಬ್ಬರು ಬೇಕು. ಮುಂದಿನ ಸಲ ಮೇಣದಬತ್ತಿ ಹಿಡ್ಕೊಂಡು ಟೌನ್‌ಹಾಲ್ ಮುಂದೆ ನಿಂತಾಗ ಗಲ್ಲು ಕೇಳೋ ಬದಲು ಈ ಹುದ್ದೆ ಕೇಳಿ. ಓಟು ಕೇಳೋಕೆ ಬಂದವರನ್ನು ನಿಲ್ಲಿಸಿ ಕೇಳಿ.

ಹೋದ ಯುಗಾದಿಗೆ ಊರಿಗೆ ಹೋಗಿದ್ದೆ. ಅತ್ತೆ ಮನೆಗೂ ಹೋದೆ. ಎಡಗೈಯಲ್ಲಿ ಹೂ ಕಟ್ಟೋದು ಕಲ್ತಿದ್ದಾರೆ, ಆದರೆ ಮೊದಲಿನಷ್ಟು ಬಿಗಿಯಾಗಿ ಬರಲ್ಲ. ನ್ಯೂಜೆರ್ಸಿಯ ಆ ಹೆಂಗಸಿನ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಅಲ್ಲಪ್ಪಾ, ನಿಮ್ ಬಳೆ ಹೋಗಿದ್ಕೆ ಅಷ್ಟೊಂದು ವಿಚಾರಿಸ್ಕೊಂಡ್ರಾ?"

ನನ್ನ ಹತ್ರ ಉತ್ತರ ಇರಲಿಲ್ಲ. ಬದು ಏನಾಯ್ತು ಅಂತ ಕೇಳಿದೆ. ಇನ್ನೂ ಬಿಟ್ಟುಕೊಟ್ಟಿಲ್ಲವಂತೆ.